ತಂಬಿಗೆಯ ಮೇಲಿನ ಹೆಸರು

ಅಪ್ಪ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ ಹೆಸರು ಬದಲಾಯಿಸಬೇಕಿತ್ತು. ಅದಕ್ಕೆ ವಂಶಾವಳಿ ಬೇಕೆಂದು ತಮ್ಮ ಒಂದು ಹಾಳೆಯ ಮೇಲೆ ಗೆರೆ ಎಳೆದು ಬರೆದು ತಂದು ತೋರಿಸಿದ. ಮುತ್ತಜ್ಜ, ಅಜ್ಜ, ಅಪ್ಪ, ಚಿಕ್ಕಪ್ಪಂದಿರು, ಎಲ್ಲ ಸರಿಯಾಗಿಯೇ ಇತ್ತು. ಅಜ್ಜನ ಪಕ್ಕದಲ್ಲಿ ಮಾತ್ರ ಬರೀ ‘ಹೆಂಡತಿ, ಮೃತ’ ಅಂತ. “ಅಲ್ಲೋ, ಆಯಿಗೆ ಹೆಸರ ಇರಲಿಲ್ಲೇನು?” ಎಂದೆ. “ಅದನ್ನ ಯಾರೂ ಕೇಳೂದಿಲ್ಲ ಬಿಡು” ಎಂದು ಹಾಳೆ ಮಡಚಿದ. ಆಯಿ ಎಂದರೆ ನಮ್ಮ ಮನೆಯಲ್ಲಿ ಅಜ್ಜಿ.

ಸೋದರಿಯರೇ, ನನಗೆ ಈ ಹುಚ್ಚು ಹತ್ತಿದ್ದು ಅಂದಿನಿಂದ. ಉಳಿದವರು ಕಸೂತಿ ಹಾಕುತ್ತಾರೆ, ನಮ್ಮವ್ವ ಸತ್ತವರ ಸುದ್ದಿ ಕೂಡಿಸುತ್ತಾಳೆ ಎಂದು ಮಕ್ಕಳು ನಗುತ್ತಾರೆ.

ನಮ್ಮ ಧಾರವಾಡದ ಕಡೆ ಮನೆತನದ ಲೆಕ್ಕ ಇಡುವವರು ಹೆಳವರು. ನಾನು ಚಿಕ್ಕವಳಿದ್ದಾಗ, ಸುಗ್ಗಿ ಮುಗಿದ ಮೇಲೆ, ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಹೆಳವ ಬರುತ್ತಿದ್ದ. ಕಟ್ಟೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿದ್ದ ತಮ್ಮನವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದ. ಯಾವ ಊರು ಬಿಟ್ಟು ಬಂದೆವು, ಯಾರು ಯಾರಿಗೆ ದತ್ತು ಹೋದರು, ಎಲ್ಲ. ಆಯಿ ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿಯುತ್ತಿದ್ದಳು. ಕಾಳು ಹಾಕಿದವಳ ಹೆಸರಾಗಲಿ, ಬಾಗಿಲಲ್ಲಿ ನಿಂತ ನನ್ನ ಹೆಸರಾಗಲಿ ಅವನ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ.

ಈಗ ಉಳಿದವಳು ಸೋದರತ್ತೆ ಒಬ್ಬಳೇ, ಎಂಬತ್ತಾರು ವರ್ಷ. ಮೊದಲ ಸಲ ವಹಿ, ಪೆನ್ನು ಹಿಡಿದು ಎದುರಿಗೆ ಕೂತೆ. ಕೋರ್ಟಿನ ಸಾಕ್ಷಿಯ ಹಾಗೆ “ನನಗೇನೂ ನೆನಪಿಲ್ಲವಾ” ಅಂದುಬಿಟ್ಟಳು. ಮರುದಿನ ಮೆಂತ್ಯದ ಸೊಪ್ಪು ಸೋಸುತ್ತ ಕೂತಾಗ ತಾನಾಗಿಯೇ ಬಾಯಿ ಬಿಟ್ಟಳು. ಇಸವಿ ಕೇಳಬಾರದು, ಆಗ ಊರಲ್ಲಿ ಏನು ನಡೆದಿತ್ತು ಎಂದು ಕೇಳಬೇಕು. “ಬೆಳಗಾವಿಗೆ ಗಾಂಧಿ ಬಂದು ದೊಡ್ಡ ಸಭಾ ಆತಲ್ಲ, ಆ ವರ್ಷ ಅವ್ವನ ಲಗ್ನ ಅಂತ” ಎಂದಳು. ಅಂದರೆ 1924ರ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾಗಿದ್ದದ್ದು. ಆಯಿಗೆ ಆಗ ಹತ್ತೋ ಹನ್ನೊಂದೋ. ಎಲ್ಲವನ್ನೂ ಫೋನಿನಲ್ಲಿ ಹಿಡಿದಿಟ್ಟಿದ್ದೇನೆ. ನಡುವೆ ಕುಕ್ಕರಿನ ಸೀಟಿಯೂ ಕೇಳುತ್ತದೆ, ಇರಲಿ.

“ಲಗ್ನದಾಗ ಹೆಸರು ಬದಲಿ ಮಾಡಿದ್ರು” ಎನ್ನುತ್ತ ಅತ್ತೆ ಒಳಗಿನಿಂದ ಕರಿಗಟ್ಟಿದ ತಾಮ್ರದ ತಂಬಿಗೆ ತಂದಳು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿದವು. ತವರಿನವರು ಹಾಕಿಸಿ ಕೊಟ್ಟ ಹೆಸರು. ನಾವೆಲ್ಲ ಆಯಿಯನ್ನು ಒಂದು ದೇವಿಯ ಹೆಸರಿನಿಂದ ಬಲ್ಲೆವು. ತಂಬಿಗೆಯ ಮೇಲಿದ್ದದ್ದು ಒಂದು ನದಿಯ ಹೆಸರು.

“ಆ ಹೆಸರು ಹಿಡಿದು ಕರೀತಿದ್ದವ ಅವಳ ತಮ್ಮ ಒಬ್ಬನ. ಅವ ಹೋದ ಮ್ಯಾಲೆ ಯಾರೂ ಕರೀಲಿಲ್ಲ. ಅವ್ವಗ ಓದಾಕ ಬರ್ತಿದ್ದಿಲ್ಲ. ತಂಬಗಿ ತಿಕ್ಕೂವಾಗ ಅಕ್ಷರದ ಮ್ಯಾಲೆ ಬೆರಳಾಡಸ್ತಿದ್ಲು.”

ನನಗೆ ಗಂಟಲು ಕಟ್ಟಿತು. ಯಾಕೆಂದರೆ ಅದರ ಜೊತೆಯ ಕೊಡ, ಹರಿವಾಣ, ಎರಡು ಚರಿಗೆ ನನ್ನ ಪಾಲಿಗೆ ಬಂದಿದ್ದವು. ತಿಕ್ಕೋದು ಯಾರು ಎಂದು 1982ರಲ್ಲಿ, ಓಣಿಗೆ ಬಂದ ಪಾತ್ರೆಯವನಿಗೆ ತೂಗಿ ಹಾಕಿ ಸ್ಟೀಲಿನ ಡಬ್ಬಿ ತೆಗೆದುಕೊಂಡೆ. ಆ ದಿನ ಏನು ಖುಷಿ ಅಂತೀರಿ! ಡಬ್ಬಿಗಳು ಇನ್ನೂ ಇವೆ, ಸಾಸಿವೆ, ಜೀರಿಗೆ ಹಾಕಿಟ್ಟಿದ್ದೇನೆ. ಕೊಡದ ಮೇಲೆ ಏನು ಬರೆದಿತ್ತೋ, ನಾನು ತಿರುಗಿಸಿ ನೋಡಲೂ ಇಲ್ಲ. ನಿಮ್ಮ ಅಟ್ಟದ ಮೇಲೆ ಹಳೆಯ ಪಾತ್ರೆ ಇದ್ದರೆ ಕೊಡುವ ಮೊದಲು ಒಂದು ಸಲ ತಿಕ್ಕಿ ನೋಡಿ.

ಹೋದ ತಿಂಗಳು ತಮ್ಮನ ಮನೆಗೆ ಹೋದಾಗ ಅವನ ಆ ಹಾಳೆ ತೆಗೆಸಿ, ‘ಹೆಂಡತಿ’ ಅನ್ನೋದನ್ನು ಹೊಡೆದು ಆಯಿಯ ಎರಡೂ ಹೆಸರು ಬರೆದೆ. ತಮ್ಮ ಸುಮ್ಮನೆ ನೋಡಿದ. ಚಹಾ ತಂದಿಟ್ಟ ಅವನ ಹೆಂಡತಿ ಬಗ್ಗಿ ಓದಿ, “ಅಕ್ಕಾರ, ನನಗೂ ಎರಡು ಅದಾವ್ರಿ” ಅಂದಳು. ಅವಳು ನಮ್ಮ ಮನೆಗೆ ಬಂದು ಮೂವತ್ತೈದು ವರ್ಷ. ಒಂದು ದಿನವೂ ನಾನು ಕೇಳಿರಲಿಲ್ಲ. ಪೆನ್ನನ್ನು ಅವಳ ಕೈಗೇ ಕೊಟ್ಟೆ.