ಆಟದ ಪೆಟ್ಟಿಗೆಯೋ, ಗಣಕಯಂತ್ರವೋ?

ಗೃಹಸ್ಥನ ಮನೆಯಲ್ಲಿ ಹಣ ವೆಚ್ಚವಾಗುವದಕ್ಕಿಂತ ಮೊದಲು ವಾದವಾಗುವದು ವಾಡಿಕೆ. ಈ ವರ್ಷ ದಾಂಡೇಲಿಯ ನಮ್ಮ ಮನೆಯಲ್ಲಿ ಎದ್ದಿರುವ ವಾದವು ಬಂಗಾರದ್ದಲ್ಲ, ಹೊಲದ್ದಲ್ಲ. ಒಂಬತ್ತನೆಯ ಇಯತ್ತೆಯ ಮೊಮ್ಮಗನಿಗೆ ಆಟದ ಸಲುವಾಗಿ ಕಂಪ್ಯೂಟರು ಕೊಡಿಸಬೇಕೋ, ಟಿ.ವಿ.ಗೆ ಜೋಡಿಸುವ ಕನ್ಸೋಲು ಕೊಡಿಸಬೇಕೋ ಎಂಬುದು. ಹಣವು ನಮ್ಮ ನಿವೃತ್ತಿಯ ಗಂಟಿನಿಂದ ಹೋಗತಕ್ಕದ್ದಾದುದರಿಂದ ತೀರ್ಪೂ ನಮ್ಮ ಪಾಲಿಗೆ ಬಂದಿತು. ಅದೇ ಗಂಟಿನಿಂದಲೇ ಎರಡು ವರ್ಷಗಳಲ್ಲಿ ಹುಡುಗನನ್ನು ಧಾರವಾಡಕ್ಕೆ ಓದಲು ಕಳಿಸಬೇಕಾಗಿದೆ. ಆದುದರಿಂದ ನಾಲ್ಕಾರು ವಾರ ವಿಚಾರಿಸಿ ತಿಳಿದುಕೊಂಡುದನ್ನು, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಗೃಹಸ್ಥರಿಗೂ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿರುವೆವು.

ಟಿ.ವಿ.ಗೆ ಆಟದ ಪೆಟ್ಟಿಗೆಯನ್ನು ಜೋಡಿಸುವ ಪದ್ಧತಿಯು ೧೯೭೨ರಲ್ಲಿ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದ ಒಡಿಸ್ಸಿ ಎಂಬ ಯಂತ್ರದಿಂದ ಮೊದಲಾಯಿತು. ನಮ್ಮ ಕಡೆಯ ಮಕ್ಕಳು ಕಂಡುದು ಬಹಳ ತಡವಾಗಿ, ೧೯೯೦ರ ದಶಕದಲ್ಲಿ. ಜಪಾನಿನ ನಿಂಟೆಂಡೊ ಕಂಪನಿಯು ೧೯೮೩ರಲ್ಲಿ ತಂದ ಫ್ಯಾಮಿಕಾಮಿನ ಅಗ್ಗದ ಅನುಕರಣಗಳನ್ನು. ಕ್ಯಾಸೆಟ್ಟು ಸರಿಯಾಗಿ ಕೂಡದಿದ್ದರೆ ಬಾಯಿಂದ ಊದಿ ಮತ್ತೆ ಸಿಕ್ಕಿಸುತ್ತಿದ್ದರು. ಆ ಊದುವಿಕೆಯನ್ನು ವರ್ಗದಲ್ಲಿಯೂ ಅಭಿನಯಿಸಿ ತೋರಿಸುತ್ತಿದ್ದ ವಿದ್ಯಾರ್ಥಿಗಳು ಈಗ ತಂದೆಗಳಾಗಿ ತಮ್ಮ ಮಕ್ಕಳ ಆಟದ ಹುಚ್ಚಿಗೆ ಹಣೆ ಹಣೆ ಬಡಿದುಕೊಳ್ಳುತ್ತಿರುವದನ್ನು ಕಂಡು ನಮಗೆ ಸಣ್ಣದೊಂದು ಸಮಾಧಾನ.

ಎರಡೂ ಯಂತ್ರಗಳ ಒಳಗು ಇಂದು ಬಹುಮಟ್ಟಿಗೆ ಒಂದೇ ಎಂಬುದು ನಮಗೆ ಆಶ್ಚರ್ಯವನ್ನುಂಟುಮಾಡಿದ ಸಂಗತಿ. ೨೦೦೬ರ ಪ್ಲೇಸ್ಟೇಷನ್ ೩ರಲ್ಲಿ ಸೆಲ್ ಎಂಬ ಬೇರೆಯೇ ಜಾತಿಯ ಪ್ರೊಸೆಸರಿತ್ತು. ೨೦೧೩ರಿಂದೀಚೆಗೆ ಸೋನಿಯವರ ಪ್ಲೇಸ್ಟೇಷನ್ನೂ ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸೂ ಕಂಪ್ಯೂಟರಿನ ವರ್ಗದ ಪ್ರೊಸೆಸರನ್ನೇ ಎ.ಎಂ.ಡಿ. ಕಂಪನಿಯಿಂದ ಪಡೆದು ಬಳಸುತ್ತಿವೆ. ಹಾಗಾದರೆ ಭೇದವೆಲ್ಲಿ? ಜೋಡಣೆಯಲ್ಲಿ. ಕಂಪ್ಯೂಟರು ವಿಗ್ರಹವಾಕ್ಯದಂತೆ: ಪ್ರೊಸೆಸರು, ರ‍್ಯಾಮು, ಗ್ರಾಫಿಕ್ಸ್ ಕಾರ್ಡು, ಪವರ್ ಸಪ್ಲೈ ಹೀಗೆ ಪ್ರತಿಯೊಂದು ಪದವೂ ತನ್ನ ವಿಭಕ್ತಿಯನ್ನುಟ್ಟು ಬೇರೆಯಾಗಿ ನಿಂತಿರುವದು, ಒಂದನ್ನು ತೆಗೆದು ಅದರ ಸ್ಥಾನದಲ್ಲಿ ಮತ್ತೊಂದನ್ನಿಡಬಹುದು. ಕನ್ಸೋಲು ಸಮಾಸ, ಅದರಲ್ಲಿಯೂ ನಿತ್ಯಸಮಾಸ, ಸ್ವಪದಗಳಿಂದ ಬಿಡಿಸಲು ಬಾರದು. ಪ್ಲೇಸ್ಟೇಷನ್ ೫ರಲ್ಲಿ ಸಂಗ್ರಹಕ್ಕಾಗಿ ಎಸ್.ಎಸ್.ಡಿ.ಯೊಂದನ್ನು ಹೆಚ್ಚಾಗಿ ಕೂಡಿಸಬಹುದು. ರ‍್ಯಾಮನ್ನಾಗಲಿ, ಚಿತ್ರ ಮೂಡಿಸುವ ಭಾಗವನ್ನಾಗಲಿ ಬದಲಿಸುವಂತಿಲ್ಲ.

ಹಳಿಯಾಳದಲ್ಲಿ ಕಂಪ್ಯೂಟರು ದುರಸ್ತಿಯ ಅಂಗಡಿಯಿಟ್ಟಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಇದನ್ನೇ ವ್ಯಾಕರಣದ ಹಂಗಿಲ್ಲದೆ ಹೇಳಿದನು: “ಮಾಸ್ತರ್, ಕನ್ಸೋಲು ಕೆಟ್ಟರ ನನ್ನ ಕಡೆ ತರಬ್ಯಾಡ್ರಿ, ಹುಬ್ಬಳ್ಳಿಗೇ ಒಯ್ಯಬೇಕು. ಕಂಪ್ಯೂಟರು ಕೆಟ್ಟರ ಯಾವ ಭಾಗ ಹೋಗೇತಿ ಅಂತ ಅರ್ಧ ತಾಸಿನ್ಯಾಗ ಹೇಳತೇನ್ರಿ.” ತನ್ನ ವ್ಯಾಪಾರದ ಹಿತವೂ ಈ ಮಾತಿನಲ್ಲಿ ಇದ್ದೀತು, ಆದರೂ ಮಾತು ನಿಜ.

ಬೆಲೆಯ ವಿಷಯದಲ್ಲಿ ಕನ್ಸೋಲಿಗೆ ದೊಡ್ಡ ಅನುಕೂಲವಿದೆ. ೨೦೨೧ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ ೫ ಭಾರತಕ್ಕೆ ಬಂದಾಗ ತಟ್ಟೆ ಹಾಕುವ ಮಾದರಿಗೆ ರೂ. ೪೯,೯೯೦ ಇದ್ದಿತು. ಅಷ್ಟೇ ಅಂದವಾಗಿ ಚಿತ್ರ ಮೂಡಿಸುವ ಕಂಪ್ಯೂಟರು ಆ ಹಣಕ್ಕೆ ಆಗ ಸಿಕ್ಕುತ್ತಿರಲಿಲ್ಲ. ಚಿಪ್ಪುಗಳ ಅಭಾವದಿಂದಲೂ ಕ್ರಿಪ್ಟೋ ನಾಣ್ಯ ತೆಗೆಯುವವರ ಹಾವಳಿಯಿಂದಲೂ ಆ ವರ್ಷ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಆಕಾಶಕ್ಕೇರಿತ್ತು. ಆದರೆ ಕಂಪನಿಗಳು ಧರ್ಮಕ್ಕೆ ಕುಳಿತವರಲ್ಲ. ಮೊದಮೊದಲು ಯಂತ್ರವನ್ನು ನಷ್ಟಕ್ಕೇ ಮಾರಿ, ಆಟಗಳಲ್ಲಿಯೂ ವರ್ಗಣಿಯಲ್ಲಿಯೂ ವಸೂಲು ಮಾಡಿಕೊಳ್ಳುವದು ಅವರ ಪದ್ಧತಿ. ಹಣ ಕೊಟ್ಟು ಕೊಂಡ ಆಟವನ್ನು ಇಂಟರ್ನೆಟ್ಟಿನ ಮೇಲೆ ಪರರೊಡನೆ ಆಡಬೇಕಾದರೆ ಪ್ಲೇಸ್ಟೇಷನ್ನಿನಲ್ಲಿ ಬೇರೆ ವರ್ಗಣಿ ತೆರಬೇಕು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಈ ಕಂದಾಯವಿಲ್ಲ. ಹಳೆಯ ಆಟಗಳು ಹಬ್ಬದ ಜವಳಿಯಂತೆ ಸೋಡಿಯಲ್ಲಿಯೂ ದೊರೆಯುವವು. ತಟ್ಟೆಗೆ ಮಾತ್ರ ಒಂದು ಗುಣವಿದೆ: ಆಡಿ ಮುಗಿದ ಮೇಲೆ ಮತ್ತೊಬ್ಬರಿಗೆ ಮಾರಬಹುದು. ಕಂಪ್ಯೂಟರಿನ ಆಟವು ಖಾತೆಗೆ ಅಂಟಿಕೊಂಡಿರುವದರಿಂದ ಮಾರುವದಕ್ಕೆ ಬಾರದು. ಜೋಯಿಡಾದ ಕಾಡೂರುಗಳವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ೨೦೨೦ರಲ್ಲಿ ಪಾಠ ಕೇಳುವದಕ್ಕೆಂದು ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ ಸೀಮೆಯಲ್ಲಿ, ನೂರು ಗೀಗಾಬೈಟಿನ ಆಟವನ್ನು ಇಳಿಸಿಕೊಳ್ಳುವದು ಎಲ್ಲಿಯ ಮಾತು?

ಇನ್ನು ವಿದ್ಯುತ್ತು. ಕಾಳಿ ನದಿಯು ಜೋಯಿಡಾ ತಾಲೂಕಿನಲ್ಲಿಯೇ ಹುಟ್ಟಿ, ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟಿನಲ್ಲಿ ನಿಂತು, ಊರೂರಿಗೆ ಬೆಳಕು ಕೊಡುತ್ತಿದೆ. ಸೂಪಾ ಎಂಬ ಊರೇ ಆ ನೀರಿನಲ್ಲಿ ಮುಳುಗಿತು. ಆದರೂ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ದೀಪದ ಕೆಳಗಿನ ಕತ್ತಲೆ ನಮ್ಮ ಪಾಲಿಗೆ ತಪ್ಪಿದ್ದಲ್ಲ. ಲೆಕ್ಕ ಹಾಕಿ ನೋಡಿದೆವು. ಮನೆಯ ಇನ್ವರ್ಟರಿನ ೧೨ ವೋಲ್ಟು, ೧೫೦ ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ ೧,೮೦೦ ವ್ಯಾಟ್-ಅವರ್ ಇರುವದು. ಕೈಗೆ ಸಿಕ್ಕುವದು ಇನ್ನೂ ಕಡಿಮೆ. ಆಡುವಾಗ ಪ್ಲೇಸ್ಟೇಷನ್ ೫ ಸುಮಾರು ೨೦೦ ವ್ಯಾಟು ಎಳೆಯುವದು, ಟಿ.ವಿ.ಯದು ಬೇರೆ. ಕಂಪ್ಯೂಟರಿನ ಬಕಾಸುರ ಕಾರ್ಡುಗಳಾದರೋ ಒಂದೊಂದೇ ೪೫೦ ವ್ಯಾಟು ನುಂಗುವಂಥವು ೨೦೨೨ರಿಂದಲೇ ಬಂದಿವೆ. ಮೇಲಾಗಿ, ಸಾದಾ ಇನ್ವರ್ಟರು ಬ್ಯಾಟರಿಗೆ ತಿರುಗುವ ಕ್ಷಣಮಾತ್ರದ ವಿರಾಮವನ್ನು ಫ್ಯಾನು ಸಹಿಸೀತು, ಈ ಯಂತ್ರಗಳು ಸಹಿಸಲಾರವು, ನಡುವೆಯೇ ಆರಿಹೋಗುವವು. ಯು.ಪಿ.ಎಸ್. ಬೇಕೇ ಬೇಕು. ಅದರ ವೆಚ್ಚವನ್ನು ಅಂಗಡಿಯವನು ಮೊದಲು ಹೇಳುವದಿಲ್ಲ.

ಇಷ್ಟೆಲ್ಲ ಲೆಕ್ಕಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚು ಕಾಡಿದುದು ಬೇರೊಂದು. ಕನ್ಸೋಲು ಪಡಸಾಲೆಯಲ್ಲಿ ಕೂಡ್ರುವ ಯಂತ್ರ. ಇಬ್ಬರು ಎರಡು ಹಿಡಿಕೆ ಹಿಡಿದು ಒಂದೇ ಚಾಪೆಯ ಮೇಲೆ ಆಡಬಹುದು. ನೆರೆಮನೆಯಲ್ಲಿ ಅಣ್ಣತಂಗಿಯರು ಹೀಗೆ ಜಗಳಾಡುತ್ತ ಆಡುವದನ್ನೂ, ಅವರ ಅಜ್ಜಿ ಚೆನ್ನೆಮಣೆಯ ಕಾಲದ ಉಪದೇಶವನ್ನು ಮೋಟಾರು ಪಂದ್ಯಕ್ಕೆ ಅನ್ವಯಿಸುವದನ್ನೂ ನಾವು ಕಂಡಿದ್ದೇವೆ. ಕಂಪ್ಯೂಟರಿನ ಸ್ವಭಾವವೇ ಏಕಾಂತ. ಕೋಣೆ, ಮೇಜು, ಕಿವಿಗೆ ಹೆಡ್‌ಫೋನು, ಮುಚ್ಚಿದ ಬಾಗಿಲು. ನಮ್ಮ ಸೊಸೆಯ ಅಂಜಿಕೆ ಇದೇ. ಅದನ್ನು ಹಳೆಯ ಕಾಲದ ಅಂಜಿಕೆಯೆಂದು ನಾವು ತಳ್ಳಿಹಾಕಲಾರೆವು.

ಆದರೆ ಹುಡುಗನು ಒಂದು ದಿನ ಮೆಲ್ಲಗೆ ಕೇಳಿದನು: “ಅಜ್ಜಾ, ಕನ್ಸೋಲಿನ್ಯಾಗ ಆಡಬಹುದು. ಆಟ ಮಾಡಾಕ ಬರತದೇನು?” ಸಾಮಾನ್ಯವಾಗಿ ಬರುವದಿಲ್ಲ. ಬ್ಲೆಂಡರ್, ಗೊಡೊ ಮೊದಲಾದ ಉಪಕರಣಗಳು ಪುಕ್ಕಟೆಯಾಗಿ ದೊರೆಯುವವಾದರೂ ಅವುಗಳಿಗೆ ಸಾಮಾನ್ಯವಾಗಿ ಕಂಪ್ಯೂಟರು ಬೇಕು. ೨೦೨೦ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡವು ನಮ್ಮ ಪುರಾಣಗಳ ಆಧಾರದಿಂದ ‘ರಾಜಿ’ ಎಂಬ ಆಟವನ್ನು ಹೊರತಂದಿತು. ಕನ್ಸೋಲುಗಳ ಮೇಲೂ ಕಂಪ್ಯೂಟರಿನ ಮೇಲೂ ಲೋಕದವರು ಆಡಿದರು. ಅದರ ಚಿತ್ರಗಳನ್ನು ತೋರಿಸುತ್ತ, ದುರ್ಗೆಯ ಆಯುಧಗಳ ಹೆಸರುಗಳನ್ನು ಹುಡುಗನು ನಮ್ಮನ್ನೇ ಕೇಳಿದನು. ಅಮರಕೋಶವನ್ನು ಎಷ್ಟು ಸಲ ಮುಂದಿಟ್ಟರೂ ಅವನಿಂದ ಇಂಥ ಪ್ರಶ್ನೆ ಹೊರಟಿದ್ದಿಲ್ಲ.

ಆದುದರಿಂದ ಕಂಪ್ಯೂಟರೆಂದೇ ಗೊತ್ತುಮಾಡಿದೆವು, ಕೆಲವು ಕರಾರುಗಳೊಡನೆ. ಪ್ರೊಸೆಸರಿನೊಳಗೇ ಚಿತ್ರದ ಭಾಗ ಅಡಕವಾಗಿರುವ ಮಾದರಿ ಸದ್ಯಕ್ಕೆ ಸಾಕು. ಬೇರೆ ಗ್ರಾಫಿಕ್ಸ್ ಕಾರ್ಡಿನ ವಿಚಾರ ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ. ಯಂತ್ರವು ಪಡಸಾಲೆಯಲ್ಲಿಯೇ ಇರಬೇಕು, ಟಿ.ವಿ.ಗೂ ಜೋಡಿಸಬೇಕು, ಹಿಡಿಕೆಗಳು ಎರಡು ಬೇಕು, ಒಂದು ತಂಗಿಯದು. ಸೊಸೆಯು ಮೂರನೆಯ ಕರಾರಿಗೆ ಒಪ್ಪಿ, ಎರಡನೆಯದನ್ನು ಯಾರು ಪಾಲಿಸುವರೋ ನೋಡೋಣವೆಂದಿದ್ದಾಳೆ.

ಈಗಲೇ ತರುವದಿಲ್ಲ. ಶ್ರಾವಣ ಮುಗಿಯುವ ವರೆಗೆ ನಮ್ಮಲ್ಲಿ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುವದು. ಮನೆಯ ಅರ್ಥಿಂಗನ್ನೂ ವಾಯರಮನ್ನನಿಂದ ತಪಾಸಿಸಬೇಕಾಗಿದೆ. ದಸರೆಯ ಆಯುಧಪೂಜೆಯ ಹೊತ್ತಿಗೆ ಹಳಿಯಾಳದ ಶಿಷ್ಯನು ಬಂದು ಭಾಗಗಳನ್ನು ನಮ್ಮ ಮುಂದೆಯೇ ಜೋಡಿಸಿ ಕೊಡುವನು. ಹುಡುಗನು ಈಗಾಗಲೇ ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುತ್ತಿದ್ದಾನೆ.