ವೀರಗಲ್ಲಿನಲ್ಲಿ ಇಲ್ಲದವರು

ಯಲಬುರ್ಗಾ, ಕುಷ್ಟಗಿ ಕಡೆ ಗುಡಿ ಪಕ್ಕ ನಿಂತ ವೀರಗಲ್ಲು ನೋಡಿ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ-ಚಂದ್ರ. ಎಲ್ಲ ಇದ್ದರೂ ಸತ್ತವನ ಅವ್ವ-ಅಪ್ಪ ಇರುವುದಿಲ್ಲ. ಮನೆಯವರಿಗೆ ಆಗ ಸಿಕ್ಕರೆ ಸಿಗುತ್ತಿದ್ದುದು ನೆತ್ತರುಕೊಡಗೆ, ಅಂದರೆ ಸತ್ತವನ ನೆತ್ತರಿಗೆ ಬದಲಾಗಿ ಕೊಟ್ಟ ಹೊಲ, ಅಷ್ಟೇ.

ಬೇರೆ ಥರದ ಸ್ಮಾರಕವೂ ಒಂದಿದೆ. ಜರ್ಮನಿಯ ಕಲಾವಿದೆ ಕೇಥೆ ಕೋಲ್ವಿಟ್ಸ್ ಅವರ ಮಗ ಪೀಟರ್ 1914ರ ಅಕ್ಟೋಬರಿನಲ್ಲಿ ಬೆಲ್ಜಿಯಂ ರಣರಂಗದಲ್ಲಿ ಮಡಿದ. ವಯಸ್ಸು 18. ಅವನು ಸೇನೆ ಸೇರಲು ಅಪ್ಪನಿಗೆ ಮನಸ್ಸಿರಲಿಲ್ಲ, ಒಪ್ಪಿಸಿದವರು ಅವ್ವನೇ. 1932ರಲ್ಲಿ ಆಕೆ ಬೆಲ್ಜಿಯಂನ ಸೈನಿಕರ ಸ್ಮಶಾನದಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಮಗನೂ ಇಲ್ಲ, ಬಂದೂಕೂ ಇಲ್ಲ. ಮಂಡಿಯೂರಿದ ತಂದೆ-ತಾಯಿ ಇಬ್ಬರೇ. ತಂದೆಯ ಕೈಗಳು ಎದೆಗೆ ಬಿಗಿದಿವೆ, ತಾಯಿಯ ತಲೆ ಬಾಗಿದೆ.

ನಮ್ಮೂರ ಸರ್ಕಲ್ಲಿನಲ್ಲಿ ಯೋಧನ ಪುತ್ಥಳಿ ನಿಲ್ಲಿಸುವವರು ಕಮಿಟಿಯಲ್ಲಿ ಅವನ ಅವ್ವನಿಗೂ ಒಂದು ಕುರ್ಚಿ ಹಾಕಲಿ.