ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಕಟ್ಟಿದವರು ನಕ್ಕು ಮುಂದೆ ಹೋದರೇ ಹೊರತು ಆ ನೆಲಕ್ಕೊಂದು ರಸಮಟ್ಟ ಇಟ್ಟು ನೋಡಿದ ಹಾಗಿಲ್ಲ. ಕೆಟ್ಟ ಯಂತ್ರಗಳನ್ನು ಬಿಚ್ಚುವ ಚಟದವರನ್ನು ಕೇಳಿ, ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ರೋಗಿಯನ್ನು ನೋಡಬೇಕಾದ ಸಲಕರಣೆಗೇ ರೋಗ ತಗುಲಿರುತ್ತದೆ. ನನಗಂತೂ ಮಜಾ ಶುರುವಾಗುವುದೇ ಅಲ್ಲಿಂದ.

ನನ್ನ ಮೇಜಿನ ಮೇಲಿನ ಡೊಂಕು ನೆಲದ ಹೆಸರು ಸಿಎಚ್‌341ಎ ಪ್ರೋಗ್ರಾಮರ್. ಪೆನ್‌ಡ್ರೈವ್‌ಗಿಂತ ತುಸು ದೊಡ್ಡದಾದ ಕಪ್ಪು ಬೋರ್ಡು. ಒಂದು ತುದಿ ಕಂಪ್ಯೂಟರಿನ ಯುಎಸ್‌ಬಿಗೆ, ಇನ್ನೊಂದು ತುದಿಯಲ್ಲಿ ಸಾಕೆಟ್ಟು, ಸಾಕೆಟ್ಟಿನ ಪಕ್ಕ ಒಂದು ಪುಟ್ಟ ಹಿಡಿ. ಹಿಡಿ ಮಡಚಿದರೆ ಚಿಪ್‌ನ ಕಾಲುಗಳನ್ನು ಸಾಕೆಟ್ಟು ಕಚ್ಚಿಕೊಳ್ಳುತ್ತದೆ. ಅಹಮದಾಬಾದಿನ ರಿಲೀಫ್ ರೋಡಿನಲ್ಲಿ ಇನ್ನೂರು ಚಿಲ್ಲರೆ ರೂಪಾಯಿ. ಲ್ಯಾಪ್‌ಟಾಪ್ ರಿಪೇರಿಯವರು, ಟಿವಿ ಬೋರ್ಡಿನವರು, ನನ್ನಂಥ ಆಟದ ಪೆಟ್ಟಿಗೆಗಳ ಹುಚ್ಚರು, ಎಲ್ಲರ ಡಬ್ಬಿಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಅದರ ಕೆಲಸ ನೆನಪನ್ನು ಓದುವುದು. ಪ್ಲೇಸ್ಟೇಷನ್ನಿನಂಥ ಪೆಟ್ಟಿಗೆಯೊಳಗೆ ಒಂದು ಫ್ಲ್ಯಾಶ್ ಮೆಮೊರಿ ಚಿಪ್ ಕೂತಿರುತ್ತದೆ. ಸ್ವಿಚ್ ಹಾಕಿದ ಕ್ಷಣ ಯಂತ್ರಕ್ಕೆ ತಾನು ಯಾರೆಂದು ನೆನಪಾಗುವುದು ಅದರಿಂದ. ಈ ಪೆಟ್ಟಿಗೆಗಳನ್ನು ತಮಗೆ ಬೇಕಾದಂತೆ ತಿದ್ದುವ ಕಲೆಗೆ ಮಾಡಿಂಗ್ ಎನ್ನುತ್ತಾರೆ. ಅದರ ಚಾಣಾಕ್ಷತನಕ್ಕೆ ಒಂದೇ ಉದಾಹರಣೆ ಸಾಕು. 2011ರಲ್ಲಿ ಗ್ಲಿಗ್ಲಿ ಎಂಬ ಅಡ್ಡಹೆಸರಿನ ಹವ್ಯಾಸಿಯೊಬ್ಬ ಎಕ್ಸ್‌ಬಾಕ್ಸ್ 360ರ ಬೀಗ ತೆಗೆಯಲು ಬೇರೆಯೇ ದಾರಿ ಹಿಡಿದ. ಪ್ರೊಸೆಸರನ್ನು ನಿಧಾನಗೊಳಿಸಿ, ಅದು ಸಹಿ ಸರಿಯಿದೆಯೇ ಎಂದು ತಾಳೆ ನೋಡುವ ಗಳಿಗೆಯಲ್ಲೇ ರೀಸೆಟ್ ತಂತಿಗೆ ಅತಿ ಚಿಕ್ಕದೊಂದು ಹೊಡೆತ ಕೊಟ್ಟ. ಪೂರ್ತಿ ರೀಸೆಟ್ ಆಗುವಷ್ಟು ಬಲವಿಲ್ಲದ ಹೊಡೆತ. ಪ್ರೊಸೆಸರಿಗೆ ಗಳಿಗೆ ಹೊತ್ತು ತಲೆ ತಿರುಗಿ, ತಪ್ಪು ಸಹಿಗೂ ಸರಿ ಅಂದುಬಿಟ್ಟಿತು! ಇಂಥ ಯಾವ ಕಸರತ್ತಿಗೆ ಇಳಿಯುವುದಿದ್ದರೂ ಮೊದಲು ಒಳಗಿನ ಮೆಮೊರಿಯನ್ನು ಪೂರ್ತಿ ಓದಿ ಒಂದು ನಕಲು ಇಟ್ಟುಕೊಳ್ಳಬೇಕು. ನಕಲು ತಪ್ಪಿದ್ದರೆ ಹಿಂದಕ್ಕೆ ಬರಲು ದಾರಿಯಿಲ್ಲ.

ಮಾಡಿಂಗ್ ಎಂದ ಕೂಡಲೇ ಜನರ ಕಣ್ಣಿನಲ್ಲಿ ಪುಕ್ಕಟೆ ಆಟಗಳು ಮಿನುಗುತ್ತವೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿಯುವವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ಪುಕ್ಕಟೆ ಆಟಕ್ಕಾಗಿ ಬರುವವರಿಗೆ ಬಿಚ್ಚುವುದರಲ್ಲಿ ಆಸಕ್ತಿಯೇ ಇರುವುದಿಲ್ಲ. ಅಂಥವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ.

ಕೆಳಮನೆಯ ಹುಡುಗ ಅಂಥವನಲ್ಲ. ಎಲ್ಲಿಸ್ ಬ್ರಿಡ್ಜ್ ಬುಡದಲ್ಲಿ ಭಾನುವಾರ ನೆರೆಯುವ ಗುಜರಿ ಬಜಾರಿನಿಂದ ಒಂದು ಪ್ಲೇಸ್ಟೇಷನ್ 4 ಹೊತ್ತು ತಂದಿದ್ದ. 2014ರ ಜನವರಿಯಲ್ಲಿ ಭಾರತಕ್ಕೆ ಬಂದಾಗ 39,990 ರೂಪಾಯಿ ಇದ್ದ ಪೆಟ್ಟಿಗೆ ಅದು. ಇವನು ಕೊಟ್ಟದ್ದು ಒಂದು ಒಳ್ಳೆಯ ಚಪ್ಪಲಿಯ ಬೆಲೆ. ಸ್ವಿಚ್ ಹಾಕಿದರೆ ನೀಲಿ ದೀಪ ಮಿಡಿಯುತ್ತದೆ, ಬಿಳಿಗೆ ತಿರುಗುವುದಿಲ್ಲ, ಆರಿಹೋಗುತ್ತದೆ. "ಅಂಕಲ್, ಆ ಚಾಲತು ನಥಿ" ಎಂದು ಬಾಗಿಲಲ್ಲಿ ನಿಂತ. ನಡೆಯುವುದಿಲ್ಲವಂತೆ. ನಡೆಯುವಂಥದ್ದಾಗಿದ್ದರೆ ನನಗೇಕೆ ಬೇಕಿತ್ತು?

ನೀಲಿ ದೀಪಕ್ಕೆ ಕಾರಣಗಳು ಹಲವು. ಮೆಮೊರಿ ಚಿಪ್ ಕೆಟ್ಟಿರುವುದೂ ಒಂದು. ಅದನ್ನು ಮೊದಲು ನೋಡುವುದು ಸುಲಭ. ಹಾಟ್ ಏರ್‌ನಿಂದ ಬಿಸಿ ಕೊಟ್ಟು ಹದಿನಾರು ಕಾಲಿನ ಮ್ಯಾಕ್ರೋನಿಕ್ಸ್ ಚಿಪ್ ಎತ್ತಿ, ಅಡಾಪ್ಟರಿಗೆ ಕೂರಿಸಿ, ಪ್ರೋಗ್ರಾಮರಿಗೆ ಸಿಕ್ಕಿಸಿದೆ. ಓದುವ ಮೊದಲು ಪ್ರೋಗ್ರಾಮರು ಚಿಪ್‌ಗೆ "ನೀನು ಯಾರು" ಎಂದು ಕೇಳುತ್ತದೆ. ಈ ಚಿಪ್ ಸಿ2 20 19 ಎಂದು ಉತ್ತರಿಸಬೇಕು. ಸಿ2 ಎಂದರೆ ಮ್ಯಾಕ್ರೋನಿಕ್ಸ್ ಮನೆತನ, ಕೊನೆಯ 19 ಎಂದರೆ 32 ಎಂಬಿ. ಬೆಳಿಗ್ಗೆ ಹಾಗೆಯೇ ಉತ್ತರ ಬಂತು. ಮಧ್ಯಾಹ್ನ ಓದಿಸಲು ಕೂತರೆ, ಅರ್ಧದಲ್ಲಿ ಕಂಪ್ಯೂಟರು ಟುಡುಂಗ್ ಎಂದು ದನಿ ಮಾಡಿ ಪ್ರೋಗ್ರಾಮರನ್ನೇ ಮರೆತುಬಿಟ್ಟಿತು. ಸಂಜೆ ಮತ್ತೆ ಸರಿ.

ಅಹಮದಾಬಾದಿನ ಬೇಸಿಗೆ ಎಂಥದ್ದೆಂದು ಊರ ಕಡೆಯವರಿಗೆ ಹೇಳಿ ನಂಬಿಸುವುದು ಕಷ್ಟ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಮುಟ್ಟಿತ್ತು. ನನ್ನ ಮೇಜು ಇರುವುದು ಮಹಡಿಯ ತುದಿಯ ಕೋಣೆಯಲ್ಲಿ, ಎಸಿ ಇಲ್ಲ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೈಕೊಡುವ ಯಾವುದೇ ಯಂತ್ರದ ಮೇಲೆ ನನ್ನ ಮೊದಲ ಗುಮಾನಿ ಡ್ರೈ ಸೋಲ್ಡರ್. ನೋಡಲು ಬೆಸೆದಂತಿದ್ದು ಬೆಸೆಯದ ಜಾಗ. ಬಿಸಿಗೆ ಲೋಹ ಹಿಗ್ಗಿದಾಗ ಕೂದಲೆಳೆಯಷ್ಟು ಬಿರುಕು ಬಾಯಿ ತೆರೆಯುತ್ತದೆ, ತಂಪಿಗೆ ಮುಚ್ಚಿಕೊಳ್ಳುತ್ತದೆ.

"ಇನ್ನೂರು ರೂಪಾಯಿದು, ಹೊಸದು ತಗೊಬಾರ್ದೇನ್ರೀ?" ಎಂದಳು ಹೆಂಡತಿ. ಲೆಕ್ಕದ ಪ್ರಕಾರ ಅವಳದೇ ಸರಿ. ಆದರೆ ಹೊಸದರಲ್ಲಿ ಈ ಬಿರುಕು ಇರುವುದಿಲ್ಲ ಎಂಬುದಕ್ಕೆ ಯಾರ ಖಾತ್ರಿ? ಇನ್ನೊಂದು ಕಾರಣವನ್ನು ಅವಳಿಗೆ ಹೇಳಲಿಲ್ಲ. ಸಿನಿಮಾಕ್ಕೆ ಹೋದವನಿಗೆ ಕೊಲೆಗಾರನ ಹೆಸರು ಹೇಳಿ ವಾಪಸು ಕಳಿಸಿದರೆ ಹೇಗಿರುತ್ತದೆ?

ಬಿರುಕು ಹುಡುಕುವ ಸೊಗಸಾದ ಉಪಾಯ ಎಂದರೆ ಹತ್ತಿ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್. ಕಡ್ಡಿಗೆ ಹತ್ತಿ ಸುತ್ತಿ, ಆಲ್ಕೋಹಾಲಿನಲ್ಲಿ ಅದ್ದಿ, ಬಿಸಿಯಾದ ಬೋರ್ಡಿನ ಒಂದೊಂದೇ ಬೆಸುಗೆಗೆ ಸೋಕಿಸುತ್ತ ಹೋಗಬೇಕು. ಆರುವಾಗ ಅದು ಅಷ್ಟೇ ಜಾಗವನ್ನು ತಂಪು ಮಾಡುತ್ತದೆ. ಯುಎಸ್‌ಬಿ ತುದಿಗೆ ಸೋಕಿಸಿದೆ, ಏನಿಲ್ಲ. ರೆಗ್ಯುಲೇಟರು, ಏನಿಲ್ಲ. 12 ಮೆಗಾಹರ್ಟ್ಸ್ ಕ್ರಿಸ್ಟಲಿನ ಎಡಗಾಲಿಗೆ ಸೋಕಿಸಿದ್ದೇ ತಡ, ಕಂಪ್ಯೂಟರು ಟಿಡಿಂಗ್ ಎಂದಿತು. ಪ್ರೋಗ್ರಾಮರಿನೊಳಗಿನ ಸಿಎಚ್‌341ಎ ಚಿಪ್‌ನ ಎದೆಬಡಿತ ಕ್ರಿಸ್ಟಲಿನದೇ. ಅದರ ಕಾಲು ಸಡಿಲವಾದರೆ ಯುಎಸ್‌ಬಿಯ ಮಾತುಕತೆ ನಿಂತೇಹೋಗುತ್ತದೆ. ಆ ಕಾಲಿಗೆ ಹಿಡಿದ ಬೆಸುಗೆ ಕಡ್ಡಿಯ ತುದಿಯಿಂದ ರಾಳದ ಹೊಗೆ ಏಳುತ್ತ, ಹಳೆಯ ಮಂಕು ಬೆಸುಗೆ ಕರಗಿ ಹೊಸ ಸೀಸ ಕನ್ನಡಿಯಂತೆ ಹರಡಿಕೊಳ್ಳುವ ಆ ಅರೆಕ್ಷಣಕ್ಕಾಗಿಯೇ ನಾನು ಈ ಚಟ ಬಿಡದೆ ಉಳಿದಿದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈಗ ಪ್ರೋಗ್ರಾಮರು ಮಧ್ಯಾಹ್ನವೂ ಎಚ್ಚರ. ಆದರೆ ಓದಿದ ಎರಡು ಪ್ರತಿಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ.

ರಿಪೇರಿಯವರಲ್ಲಿ ಒಂದು ಮಾತಿದೆ, ಏನೇ ಇರಲಿ ಮೊದಲು ಸಪ್ಲೈ ನೋಡು. ಅಹಮದಾಬಾದಿನಲ್ಲಿದ್ದುಕೊಂಡು ಈ ಮಾತು ಹೇಳುವಾಗ ನನಗೆ ಯು.ಆರ್. ರಾವ್ ನೆನಪಾಗುತ್ತಾರೆ. ಉಡುಪಿ ಬಳಿಯ ಅದಮಾರಿನವರು, ಇಲ್ಲಿನ ಭೌತ ಸಂಶೋಧನಾಲಯದಲ್ಲಿ ವಿಕ್ರಂ ಸಾರಾಭಾಯಿ ಅವರ ಬಳಿ ಕಲಿತವರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ನೂರಾರು ಕಿಲೋಮೀಟರು ಮೇಲಿರುವ ಬೋರ್ಡಿಗೆ ಮಲ್ಟಿಮೀಟರಿನ ಕಡ್ಡಿ ತಾಗಿಸುವುದು ಹೇಗೆ? ನಾನು ಪುಣ್ಯವಂತ, ನನ್ನ ಬೋರ್ಡು ಮೊಣಕೈಯಳತೆಯಲ್ಲಿದೆ.

ಕಡ್ಡಿ ತಾಗಿಸಿದೆ. ಸಾಕೆಟ್ಟಿನ ಸಪ್ಲೈ 3.3 ವೋಲ್ಟ್, ಸರಿಯಾಗಿದೆ. ಮಾತಿನ ತಂತಿಗಳಲ್ಲಿ ಮಾತ್ರ 5 ವೋಲ್ಟಿನ ಹತ್ತಿರ. ಈ ಕಪ್ಪು ಬೋರ್ಡುಗಳ ಹುಟ್ಟುಗುಣ ಇದು. ಎತ್ತಿಟ್ಟ ಚಿಪ್‌ಗೆ ರೆಗ್ಯುಲೇಟರಿನಿಂದ 3.3 ಕೊಟ್ಟು, ಅದರ ಜೊತೆ ಮಾತಾಡುವ ಸಿಎಚ್‌341ಎಗೆ ನೇರ ಯುಎಸ್‌ಬಿಯ 5 ಕೊಟ್ಟಿದ್ದಾರೆ. 2.7ರಿಂದ 3.6 ವೋಲ್ಟಿನೊಳಗೆ ಬಾಳುವ ಮೆದು ಚಿಪ್‌ನ ಕಿವಿಯಲ್ಲಿ ಕಿರುಚಿದ ಹಾಗೆ. ಬಹಳಷ್ಟು ಚಿಪ್‌ಗಳು ಸಹಿಸಿಕೊಳ್ಳುತ್ತವೆ, ಆದ್ದರಿಂದಲೇ ಯಾರೂ ತಲೆ ಕೆಡಿಸಿಕೊಂಡಿಲ್ಲ. ಮದ್ದು ಹಳೆಯದೇ: ಸಿಎಚ್‌341ಎಯ 28ನೇ ಕಾಲನ್ನು ಬೋರ್ಡಿನಿಂದ ಮೆಲ್ಲಗೆ ಮೇಲೆತ್ತಿ, ಅದನ್ನೂ 9ನೇ ಕಾಲನ್ನೂ ರೆಗ್ಯುಲೇಟರಿನ 3.3ಕ್ಕೆ ತಂತಿಯಿಂದ ಸೇರಿಸುವುದು. ಎತ್ತುವಾಗ ಕಾಲು ಮುರಿದರೆ ಕಥೆ ಮುಗಿಯಿತು. ಜೊತೆಗೆ ಅಡಾಪ್ಟರಿನ ಸಪ್ಲೈಗೆ ಅಡ್ಡಲಾಗಿ ಒಂದು ಕೆಪ್ಯಾಸಿಟರ್ ಹಾಕಿದೆ. ಪ್ರತಿಗಳ ವ್ಯತ್ಯಾಸ ಕಡಿಮೆಯಾಯಿತು, ಹೋಗಲಿಲ್ಲ.

ಇಂಥ ಹೊತ್ತಿನಲ್ಲಿ ಅದಲುಬದಲು ಮಾಡಿ ನೋಡಬೇಕು. ಗುಮಾನಿಯ ಪ್ರೋಗ್ರಾಮರಿಗೆ ನಂಬಿಕೆಯ ಚಿಪ್, ನಂಬಿಕೆಯ ಪ್ರೋಗ್ರಾಮರಿಗೆ ಗುಮಾನಿಯ ಚಿಪ್. ವಡೋದರಾಕ್ಕೆ ಕೆಲಸದ ಮೇಲೆ ಹೋದಾಗ ಎಲ್ಲವನ್ನೂ ತಿಂಡಿ ಡಬ್ಬಿಯಲ್ಲಿಟ್ಟು ಒಯ್ದೆ. 1890ರಲ್ಲಿ ಸಯಾಜಿರಾವ್ ಮಹಾರಾಜರು ಕಲಾಭವನ ಕಟ್ಟಿ ಕೈಕಸುಬು ಕಲಿಸಿದ ಊರು ಅದು. ಮರೀಮಾತಾನೋ ಖಾಂಚೋ ಎಂಬ ಗಲ್ಲಿ ಈಗ ಮೊಬೈಲಿನವರ ಪೇಟೆ. ಹೆಸರು ಕೇಳಿದರೆ ನಮ್ಮೂರಿನ ಮಾರಿಗುಡಿ ಬೀದಿಗೇ ಬಂದಂತಾಗುತ್ತದೆ. ಅಲ್ಲೊಬ್ಬ ಪರಿಚಯದ ರಿಪೇರಿಯವನು ತನ್ನ ಪ್ರೋಗ್ರಾಮರು ಕೊಟ್ಟ. ನನ್ನ ಅಡಾಪ್ಟರಿನ ಜೊತೆ ಅದೂ ತೊದಲಿತು. ಅವನ ಅಡಾಪ್ಟರಿನ ಜೊತೆ ನನ್ನದು ಸ್ವಚ್ಛವಾಗಿ ಓದಿತು. ಅಪರಾಧಿ ಅಡಾಪ್ಟರು, ಅದರ ಗ್ರೌಂಡಿನ, ಅಂದರೆ ನೆಲದ, ಕಾಲಿನ ಬೆಸುಗೆ. ಅವನೇ ಎರಡು ನಿಮಿಷದಲ್ಲಿ ಬೆಸೆದು ಕೊಟ್ಟ, ದುಡ್ಡು ಮುಟ್ಟಲಿಲ್ಲ.

ಎರಡು ಪ್ರತಿಗಳು ಈಗ ಅಕ್ಷರಕ್ಕೆ ಅಕ್ಷರ ತಾಳೆ. ಕಲಿಸುವವರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ: ಎರಡು ಸಲ ಓದಿ, ಹೋಲಿಸಿ, ಒಂದೇ ಇದ್ದರೆ ಆಯಿತು. ನನಗೆ ಈ ಉಪದೇಶದ ಮೇಲೆ ಸಿಟ್ಟಿದೆ. ಸಾಕೆಟ್ಟಿನಲ್ಲಿ ಚಿಪ್ಪೇ ಇಲ್ಲದೆ ಎರಡು ಸಲ ಓದಿಸಿ ನೋಡಿ. ಎರಡೂ ಸಲ ಬರೀ ಎಫ್‌ಎಫ್ ಎಫ್‌ಎಫ್ ಎಂದು ಬರುತ್ತದೆ, ಎರಡೂ ಅಚ್ಚುಕಟ್ಟಾಗಿ ತಾಳೆಯಾಗುತ್ತವೆ. ಸಲಕ್ಕೊಂದು ಸುಳ್ಳು ಹೇಳುವ ಸಾಕ್ಷಿಯನ್ನು ವಕೀಲರು ಸುಲಭವಾಗಿ ಹಿಡಿಯುತ್ತಾರೆ. ಒಂದೇ ಸುಳ್ಳನ್ನು ಒಂದೇ ದನಿಯಲ್ಲಿ ಹೇಳುವವನ ಮುಂದೆ ಅವರೂ ತಡವರಿಸುತ್ತಾರೆ.

ನಕಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಮೊದಲ ಸಾಲಿನಲ್ಲೇ ಸೋನಿ ಕಂಪ್ಯೂಟರ್ ಎಂಟರ್‌ಟೈನ್‌ಮೆಂಟ್ ಎಂಬ ಕಂಪನಿಯ ಹೆಸರು ದೊಡ್ಡಕ್ಷರದಲ್ಲಿ ಕೂತಿತ್ತು. ಖುಷಿಯಾಯಿತು. ಕೆಳಗೆ ಸುತ್ತುತ್ತ ಹೋದೆ. ಫೈಲಿನ ನಟ್ಟನಡುವೆ, 1,67,77,216ನೇ ಅಕ್ಷರದ ಜಾಗದಲ್ಲಿ, ಮತ್ತದೇ ತಲೆಬರಹ, ಅದರ ಹಿಂದೆ ಮತ್ತದೇ ಸಾಲುಗಳು. ಎರಡನೆಯ ಅರ್ಧ ಮೊದಲನೆಯ ಅರ್ಧದ ಪಡಿಯಚ್ಚು.

ಆ ಅಂಕಿಯೇ ಎಲ್ಲ ಹೇಳುತ್ತದೆ. ಹಳೆಯ ಕಾಲದ ಚಿಪ್‌ಗಳಿಗೆ ಮೂರು ಬೈಟಿನ ವಿಳಾಸ ಸಾಕಿತ್ತು. ಮೂರು ಬೈಟಿನಲ್ಲಿ ಬರೆಯಬಹುದಾದ ಮನೆ ಸಂಖ್ಯೆಗಳು ಸರಿಯಾಗಿ ಇಷ್ಟೇ, ಅಂದರೆ 16 ಎಂಬಿ. ಈ ಚಿಪ್ 32 ಎಂಬಿಯದು, ನಾಲ್ಕು ಬೈಟಿನ ವಿಳಾಸ ಕೇಳುತ್ತದೆ. ಬೋರ್ಡಿನ ಜೊತೆ ಬಂದ ಹಳೆಯ ಸಾಫ್ಟ್‌ವೇರಿಗೆ ಅದು ಗೊತ್ತಿಲ್ಲ. ಚೂರು ಚೂರಾಗಿ ಓದುತ್ತ ಪ್ರತಿ ಚೂರಿಗೂ ವಿಳಾಸ ಬರೆಯುವ ಅದು, ಬೀದಿಯ ಕೊನೆ ಮುಟ್ಟಿದ ಮೇಲೆ ಮತ್ತೆ ಒಂದನೇ ಮನೆಯ ಬಾಗಿಲು ತಟ್ಟಿದೆ. ಫ್ಲ್ಯಾಶ್‌ರೋಮ್ ಎಂಬ ಮುಕ್ತ ತಂತ್ರಾಂಶ ಹಾಕಿ ಓದಿಸಿದೆ. ಎರಡನೆಯ ಅರ್ಧದಲ್ಲಿ ಬೇರೆಯದೇ ಲೋಕ ಕಂಡಿತು.

ಒಂದೊಂದೇ ವಿಭಾಗ ಪರೀಕ್ಷಿಸಿದೆ. ಚಿಪ್‌ನಲ್ಲಿ ಯಾವ ದೋಷವೂ ಇಲ್ಲ! ನೀಲಿ ದೀಪಕ್ಕೆ ಕಾರಣ ಬೇರೆಲ್ಲೋ ಇದೆ; ಮುಖ್ಯ ಪ್ರೊಸೆಸರಿನ ಕೆಳಗಿನ ಬೆಸುಗೆಯ ಗುಂಡುಗಳ ಮೇಲೆ ಈಗ ನನ್ನ ಗುಮಾನಿ. ಆ ಕೆಲಸದ ಯಂತ್ರ ನನ್ನಲ್ಲಿಲ್ಲ. ಇಷ್ಟೆಲ್ಲ ಪಾಡುಪಟ್ಟದ್ದು ಒಬ್ಬ ನಿರಪರಾಧಿಯನ್ನು ಬಿಡಿಸುವುದಕ್ಕೆ ಎಂದಾಗ ಹುಡುಗ ಮುಖ ಇಳಿಬಿಟ್ಟ. ನನಗೆ ಮಾತ್ರ ಆ ವಾರವಿಡೀ ಊಟ ರುಚಿಸಿತು.

ಸೂರತ್ತಿನ ಮಾತೊಂದು ಉಳಿಯಿತು. ಅಲ್ಲಿನ ಮಹಿಧರಪುರದ ಹೀರಾ ಬಜಾರಿನಲ್ಲಿ ದಲ್ಲಾಳಿಗಳು ಬೀದಿಯಲ್ಲೇ ನಿಂತು ಕಾಗದದ ಪೊಟ್ಟಣ ಬಿಚ್ಚಿ ವಜ್ರ ನೋಡುತ್ತಾರೆ. ಅವರ ಹತ್ತು ಪಟ್ಟು ಹಿಗ್ಗಿಸುವ ಐಗ್ಲಾಸು, ತುದಿ ಸೂಜಿಯಂತಿರುವ ಚಿಮಟ, ಎರಡೂ ಚಿಪ್ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಇವೆರಡನ್ನೂ ನಾನು ಕೊಳ್ಳುವುದು ಅಲ್ಲಿಂದಲೇ. ಕಳೆದ ಸಲ ಐಗ್ಲಾಸು ಪರೀಕ್ಷಿಸಲು ಜೇಬಿನಿಂದ ಒಂದು ಬಿಡಿ ಮೆಮೊರಿ ಚಿಪ್ ತೆಗೆದೆ. ಯಾವುದೋ ಅಂಗಡಿಯಲ್ಲಿ ಹೊಸದೆಂದು ಕೊಂಡದ್ದು. ಪಕ್ಕದಲ್ಲಿದ್ದ ವಯಸ್ಸಾದ ದಲ್ಲಾಳಿ ಕೈ ಚಾಚಿದರು. ಕಣ್ಣಿಗಿಟ್ಟು, ಬೆಳಕಿಗೆ ಓರೆಯಾಗಿ ಹಿಡಿದು, "ಘಸೇಲು ಛೆ, ಭಾಯಿ" ಎಂದರು. ಉಜ್ಜಿದ್ದಾರಂತೆ. ನೋಡಿದೆ. ಮೈತುಂಬ ಒಂದೇ ದಿಕ್ಕಿನ ಗೀರುಗಳು, ಒಂದನೇ ಕಾಲಿನ ಗುರುತಿನ ಕುಳಿ ಅರ್ಧ ಮುಚ್ಚಿಹೋಗಿದೆ, ಮೇಲೆ ಹೊಸ ಹೆಸರಿನ ಮುದ್ರೆ. ಹಳೆಯ ಚಿಪ್‌ನ ತಲೆ ಉಜ್ಜಿ ನಾಮಕರಣ ಮಾಡಿದ ಮಾಲು. ಅವರು ಅದನ್ನು ವಜ್ರದ ಪೊಟ್ಟಣದಲ್ಲೇ ಮಡಚಿ ಗಂಭೀರವಾಗಿ ವಾಪಸು ಕೊಟ್ಟರು.

ಹುಡುಗ ಮೊನ್ನೆ ಭಾನುವಾರ ಮತ್ತೆ ಬಂದಿದ್ದ. ಈ ಸಲ ಅಂಗೈಯಗಲದ ಆಟದ ಯಂತ್ರ. ಒಳಗಿನ ಚಿಪ್ 1.8 ವೋಲ್ಟಿನದು, ನನ್ನ 3.3 ಕೂಡ ಅದಕ್ಕೆ ಕಿರುಚಾಟವೇ. ಅದಕ್ಕೆ ಬೇರೆ ಅಡಾಪ್ಟರು ಬೇಕು. ರಿಲೀಫ್ ರೋಡಿನ ಅಂಗಡಿಯವನು ಮಂಗಳವಾರ ಬರುತ್ತದೆ ಎಂದಿದ್ದಾನೆ. ಯಾವ ಮಂಗಳವಾರ ಎಂದು ಹೇಳಿಲ್ಲ.